ಉಕ್ಕಜ್ಜಿಗೆ ಹರೆಯ ಬಂತು

ಮಾರುಕಟ್ಟೆಯ ತಿರುವಿನಲ್ಲಿ ಒಂದು ಹಳೇ ಕಟ್ಟಡ. ಅದರ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕೀಲಿಕೈ ಮಾಡುವ ಅಂಗಡಿ. ಒಳಗೆ ಇಬ್ಬರು ನಿಂತರೆ ಮೂರನೆಯವರ ಮೊಣಕೈ ರಸ್ತೆಗೆ ಬರಬೇಕು, ಅಷ್ಟೇ ಜಾಗ. ಗೋಡೆ ತುಂಬ ಮೊಳೆ, ಮೊಳೆ ತುಂಬ ಇನ್ನೂ ಹಲ್ಲು ಮೂಡದ ಹೊಸ ಕೀಲಿಕೈಗಳು. ನೆಲದ ಮೇಲೆ ಎಷ್ಟು ಗುಡಿಸಿದರೂ ಹೋಗದ ಹಿತ್ತಾಳೆ ಪುಡಿ. ಈ ಅಂಗಡಿಯ ಒಡತಿಯನ್ನು ಬೀದಿಯವರೆಲ್ಲ ಅರದಕ್ಕ ಅನ್ನುತ್ತಿದ್ದರು. ಕೀಲಿಯ ಹಲ್ಲು ಉಜ್ಜುವ ಅರ ಅವಳ ಕೈಯಲ್ಲಿ ಸದಾ ಇರುತ್ತಿತ್ತು, ಅದೊಂದು ಕಾರಣ. ಬಾಯಲ್ಲೂ ಒಂದು ಇತ್ತು, ಅದು ಇನ್ನೊಂದು.

"ಇದು ತೆಗೆಯತ್ತಾ?" ಅಂತ ಗಿರಾಕಿ ಕೇಳಿದರೆ, "ಬಾಗಿಲು ನಿಮ್ಮದೇ ಆದ್ರೆ ತೆಗೆಯತ್ತೆ" ಅನ್ನೋಳು. "ಸ್ವಲ್ಪ ಬೇಗ ಆಗಲಿ" ಅಂದವರ ಕೀಲಿಯನ್ನು ತಿರುಗಿಸಿ ತಿರುಗಿಸಿ ಬೇಕಂತಲೇ ನಿಧಾನವಾಗಿ ಉಜ್ಜುವಳು. ಆದರೂ ಜನ ಬರುತ್ತಿದ್ದರು. ಅವಳು ಮಾಡಿಕೊಟ್ಟ ಕೀಲಿ ಬೀಗದೊಳಗೆ ಎಡವುತ್ತಿರಲಿಲ್ಲ.

ಮದುವೆಯಾಗಲಿಲ್ಲ. ಅಪ್ಪನಿಂದ ಅಂಗಡಿ ಬಂತು, ಅಂಗಡಿಯ ಮೇಲಿನ ಒಂಟಿ ಕೋಣೆ ಬಂತು, ಸಿಡುಕೂ ಅಲ್ಲಿಂದಲೇ ಬಂತು ಅಂತ ಅವಳ ಅಣ್ಣ ಹೇಳುತ್ತಿದ್ದ. ಆದರೆ ಅವಳ ಜೀವ ಇದ್ದದ್ದು ಬೀಗದಲ್ಲೂ ಅಲ್ಲ, ಬೀದಿಯಲ್ಲೂ ಅಲ್ಲ. ಚಿತ್ರಕತೆಗಳಲ್ಲಿ. ಮಂಚದ ಕೆಳಗೆ, ಕಪಾಟಿನ ಮೇಲೆ, ಪಾತ್ರೆ ಇಡಬೇಕಾದ ಹಲಗೆಯ ಮೇಲೂ ಹಳದಿಗಟ್ಟಿದ ಕಾಮಿಕ್ಸು. ಲೋಕದ ವೀರರೆಲ್ಲ ಅಲ್ಲಿದ್ದರು. ಆದರೆ ಪಟ್ಟದ ಜಾಗ ಉಕ್ಕಜ್ಜಿಗೆ.

ಉಕ್ಕಜ್ಜಿಯ ಕತೆ ಗೊತ್ತಿಲ್ಲದವರಿಗೆ ಹೇಳಬೇಕು. ಕಬ್ಬಿಣದ ಕಾರ್ಖಾನೆಯಲ್ಲಿ ಕಸ ಗುಡಿಸುತ್ತಿದ್ದ ಒಬ್ಬ ಮುದುಕಿ. ನಾಳೆ ಕೆಲಸದಿಂದ ಬಿಡುಗಡೆ ಅನ್ನುವಾಗ ಕುದಿಯುವ ಉಕ್ಕಿನ ಕೊಪ್ಪರಿಗೆಗೆ ಜಾರಿ ಬೀಳುತ್ತಾಳೆ. ಸಾಯುವುದಿಲ್ಲ, ಉಕ್ಕಾಗಿ ಎದ್ದು ಬರುತ್ತಾಳೆ. ಗೋಡೆ ಒಡೆಯುತ್ತಾಳೆ, ರೈಲು ನಿಲ್ಲಿಸುತ್ತಾಳೆ, ಆದರೆ ಗೊಣಗುವುದು ಬಿಡುವುದಿಲ್ಲ. "ಬೇಗ ಬನ್ರೋ, ಹೊಡೆದು ಮನೆಗೆ ಹೋಗ್ಬೇಕು, ಸೊಂಟ ಹಿಡ್ಕೊಂಡಿದೆ" ಅಂತ ಖಳರನ್ನೇ ಗದರುವಳು. ಕೀಲುಗಳಿಗೆ ಎಣ್ಣೆ ಬಿಟ್ಟುಕೊಳ್ಳಬೇಕು. ಮಳೆ ಬಂದರೆ ತುಕ್ಕಿನ ಭಯಕ್ಕೆ ಮನೆಯಲ್ಲೇ ಕೂತು ಶಾಪ ಹಾಕುವಳು. ಮೊದಲ ಹೊಡೆದಾಟದಲ್ಲೇ ಮೂಗು ಚಪ್ಪಟೆಯಾಗಿ ಒಂದು ಕಡೆಗೆ ವಾಲಿತ್ತು, ಮತ್ತೆ ನೆಟ್ಟಗಾಗಲಿಲ್ಲ. ಇದನ್ನೆಲ್ಲ ಬರೆದವನು ಯಾವುದೋ ಮುದ್ರಣಾಲಯದ ಗುಮಾಸ್ತ. ಹೆಸರು ಮಾಡದೆ ಬದುಕಿದ, ಹೆಸರು ಮಾಡದೆ ಸತ್ತ.

ಅರದಕ್ಕ ಚಿಕ್ಕವಳಿದ್ದಾಗ ಮನೆಗೆ ಬಂದ ನೆಂಟರೆಲ್ಲ ಗಲ್ಲ ಹಿಡಿದು, "ಸ್ವಲ್ಪ ನಗಬಾರದೇನೇ, ಹುಡುಗಿ ಮುಖ ಹೀಗಾ ಇರೋದು?" ಅನ್ನೋರು. ಅವಳ ಮುಖ ಇದ್ದದ್ದೇ ಹಾಗೆ. ಅಂಥ ದಿನಗಳಲ್ಲಿ ಪಕ್ಕದ ರದ್ದಿ ಅಂಗಡಿಯಲ್ಲಿ ಒಂದು ಪುಸ್ತಕ ಸಿಕ್ಕಿತು. ಮುಖಪುಟದಲ್ಲಿ ಒಬ್ಬ ಮುದುಕಿ, ಸುಕ್ಕು, ಸೊಟ್ಟ ಮೂಗು, ಉರಿಗಣ್ಣು. ಯಾರಿಗೂ ನಗು ಕೊಡದೆ ಊರು ಉಳಿಸುವವಳು. ಹುಡುಗಿ ಅಲ್ಲೇ ರದ್ದಿ ಮೂಟೆಯ ಮೇಲೆ ಕೂತು ಓದಿ ಮುಗಿಸಿದಳು. ಅವತ್ತಿನಿಂದ ನೆಂಟರ ಮಾತು ಅವಳಿಗೆ ತಾಗಲಿಲ್ಲ.

ಊರಿನಲ್ಲಿ ಇಂಥ ಕಾಮಿಕ್ಸು ಹುಚ್ಚಿನವರದ್ದೇ ಒಂದು ಸಂಘವಿತ್ತು. ಅದರ ಅಧ್ಯಕ್ಷರು ಹಲ್ಲಿನ ಡಾಕ್ಟರು. ಭಾನುವಾರ ಅವರ ಕ್ಲಿನಿಕ್ಕಿಗೆ ರಜೆ, ಹಾಗಾಗಿ ರೋಗಿಗಳು ಕೂರುವ ಬೆಂಚುಗಳ ಮೇಲೆ ಅಭಿಮಾನಿಗಳ ಸಭೆ. ಹೊಸ ಕಾಮಿಕ್ಸು, ಹೊಸ ಆಟ, ಟೀವಿಯಲ್ಲಿ ಬರುವ ಅಂತರಿಕ್ಷದ ಧಾರಾವಾಹಿ, ಎಲ್ಲದರ ಚರ್ಚೆ. ಎಲ್ಲರೂ ಹೊಗಳಿ ಮುಗಿಸಿದ ಮೇಲೆ ಡಾಕ್ಟರು ನಿಟ್ಟುಸಿರು ಬಿಟ್ಟು, "ಅಕ್ಕಾ, ಇನ್ನು ನಿಮ್ಮದು" ಅನ್ನೋರು. ಊರಿಗೆಲ್ಲ ಒಂದು ದಾರಿಯಾದರೆ ಅವಳದ್ದೇ ಒಂದು ದಾರಿ.

"ಆ ಆಕಾಶನೌಕೆ ಧಾರಾವಾಹೀಲಿ ಬಾಗಿಲುಗಳೆಲ್ಲ ತಾವೇ ತೆಗೀತವೆ. ಬೀಗ ಇಲ್ಲದ ಲೋಕದಲ್ಲಿ ನನಗೇನ್ರೀ ಕೆಲಸ? ಮೊದಲನೇ ಕಂತಿಗೇ ನನ್ನ ಹೊಟ್ಟೆ ಮೇಲೆ ಹೊಡೆದ್ರು. ಕಳೆದ ವಾರ ಹಿಂದಿನ ಕಾಲಕ್ಕೆ ಹೋಗಿ ಆದದ್ದನ್ನೆಲ್ಲ ಸರಿ ಮಾಡಿದ್ರಲ್ಲ, ಕತೆ ಬರೆದವನೂ ಹಾಗೇ ಹಿಂದೆ ಹೋಗಿ ಅದನ್ನ ಬರೆಯದೆ ಬಂದಿದ್ರೆ ಸಾಕಿತ್ತು."

ವೀರರ ಬಗ್ಗೆ ಅವಳದ್ದೊಂದು ಸಿದ್ಧಾಂತವಿತ್ತು. "ಸತ್ತವನು ಮುಂದಿನ ಸಂಚಿಕೇಲಿ ಎದ್ದು ಬರ್ತಾನೆ. ಸಾವೇ ಇಲ್ಲದವನಿಗೆ ಧೈರ್ಯ ಎಲ್ಲಿಂದ ಬರಬೇಕು? ಉಕ್ಕಜ್ಜಿಗೆ ಮಳೆ ಅಂದ್ರೆ ಭಯ. ಭಯ ಇದ್ದೂ ಒಂದು ಸಲ ಮಳೇಲಿ ಹೊರಟಳಲ್ಲ, ಅದು ಶೌರ್ಯ." ಫೋನಿನ ಆಟಗಳ ಮಾತೆತ್ತಿದರೆ ಇನ್ನೂ ಉರಿ. "ಅಲ್ಲಿ ಶತ್ರು ಯಾರು ಅಂತಲೇ ಗೊತ್ತಾಗಲ್ಲ. ಎದುರಿಗೆ ಬರೋ ರಾಕ್ಷಸನೋ, ನಡುವೆ ಬರೋ ಜಾಹೀರಾತೋ. ಗುದ್ದಿ ಗುದ್ದಿ ಬೆರಳು ಸವೆಸೋಳು ನಾನು, ಗೆಲ್ಲೋರು ಅವರು."

"ಅಷ್ಟು ಕೆಟ್ಟದಾದ್ರೆ ಯಾಕೆ ನೋಡ್ತೀರಿ?" ಅಂತ ಒಬ್ಬರು ಕೇಳಿದ್ದರು.

"ಅಡುಗೆ ಕೆಟ್ಟಿದೆ ಅಂತ ಊಟ ಬಿಡ್ತೀರಾ? ಬೈಕೊಂಡು ತಿನ್ನಲ್ವಾ?"

ಈ ಜಗಳಗಂಟಿಯ ತೊಡೆಯ ಮೇಲೆ ಕೂತು ಉಕ್ಕಜ್ಜಿಯನ್ನು ಕೇಳಿ ಬೆಳೆದವಳು ಒಬ್ಬಳೇ, ಅಣ್ಣನ ಮಗಳು. ಅವಳನ್ನು ಅತ್ತೆ ಮರಿ ಅಂತ ಕರೆಯೋಳು. ಶಾಲೆ ಬಿಟ್ಟ ಮೇಲೆ ಮರಿ ನೇರ ಅಂಗಡಿಗೆ ಬರುವುದು, ಹಿತ್ತಾಳೆ ಪುಡಿಯ ಮೇಲೆ ಬೆರಳಿನಿಂದ ಚಿತ್ರ ಗೀಚುವುದು, ಅತ್ತೆ ಯಂತ್ರ ನಿಲ್ಲಿಸಿ, "ಮೊಣಕಾಲು ಹಾಗಾ ಬಗ್ಗೋದು? ಅಳಿಸಿ ಇನ್ನೊಂದು ಸಲ ಬರಿ" ಅನ್ನುವುದು. ಹೊಗಳಿದ್ದು ನೆನಪಿಲ್ಲ. ಆದರೆ ಅತ್ತೆ ಬೈಯುವಷ್ಟು ಹತ್ತಿರದಿಂದ ಆ ಚಿತ್ರಗಳನ್ನು ಇನ್ಯಾರೂ ನೋಡಲೂ ಇಲ್ಲ. ಹುಡುಗಿ ಚಿತ್ರಕಲೆಯನ್ನೇ ಓದಿ, ಫೋನಿನ ಆಟಗಳನ್ನು ಮಾಡುವ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿದಳು. "ಹೋಗಿ ಹೋಗಿ ಅಲ್ಲಿಗಾ?" ಅಂದಳು ಅತ್ತೆ. ಮರಿ ನಕ್ಕಳು. ಆಗ ನಗುತ್ತಿದ್ದಳು.

ಉಕ್ಕಜ್ಜಿಯ ಹಕ್ಕುಗಳನ್ನು ಹಳೇ ಪ್ರಕಾಶಕರು ಮಾರಿದ್ದಾರೆ, ಅವಳ ಮೇಲೊಂದು ಆಟ ಬರುತ್ತಿದೆ ಅನ್ನುವ ಸುದ್ದಿ ಸಂಘಕ್ಕೆ ಬಂದಾಗ ಬೆಂಚುಗಳ ಮೇಲೆ ಸಂಭ್ರಮವೋ ಸಂಭ್ರಮ. ಆಟ ಮಾಡುತ್ತಿದ್ದದ್ದು ಮರಿಯ ಕಂಪನಿಯೇ. ಬಿಡುಗಡೆಯ ಸಮಾರಂಭದಲ್ಲಿ ಹಿರಿಯ ಅಭಿಮಾನಿಯಾಗಿ ಅರದಕ್ಕ ಮಾತಾಡಬೇಕು ಅಂತ ಡಾಕ್ಟರು ಒಪ್ಪಿಸಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮನುಷ್ಯ ಅವರು, ಮುಂದಿನದು ಯೋಚಿಸಲಿಲ್ಲ.

ಸಮಾರಂಭದ ಹಿಂದಿನ ವಾರ ಮರಿ ಅಂಗಡಿಗೆ ಬಂದಳು. ಸ್ಟೂಲಿನ ಮೇಲೆ ಕೂರದೆ ನಿಂತೇ ಇದ್ದಳು.

"ಅತ್ತೆ, ನಿನಗೊಂದು ತೋರಿಸ್ಬೇಕು. ಯಾರಿಗೂ ಹೇಳ್ಬಾರದು ಅಂತ ನಿಯಮ ಇದೆ. ಆದ್ರೂ ನೀನು ಅಲ್ಲಿ ಹೋಗಿ ಏಕಾಏಕಿ ನೋಡೋದು ಬೇಡ ಅನ್ನಿಸ್ತು." ಫೋನನ್ನು ಮುಂದೆ ಹಿಡಿದಳು.

ಅರದಕ್ಕ ಕನ್ನಡಕ ಏರಿಸಿ ನೋಡಿದಳು. "ಯಾರಿದು?"

"ಉಕ್ಕಜ್ಜಿ."

"ಅಜ್ಜಿ ಎಲ್ಲಿ?"

ಚಿತ್ರದಲ್ಲಿದ್ದವಳಿಗೆ ಇಪ್ಪತ್ತು ದಾಟಿದ್ದರೆ ಹೆಚ್ಚು. ಬಳುಕುವ ಸೊಂಟ, ಹಾರುವ ಕೂದಲು, ಬೆಳ್ಳಿಯ ಹಾಗೆ ಹೊಳೆಯುವ ಮೈ.

"ಹರೆಯದ ಉಕ್ಕಜ್ಜಿ ಅತ್ತೆ. ಮುದುಕಿ ಆಗೋ ಮುಂಚಿನ ಕತೆ."

"ಮುದುಕಿ ಆಗೋ ಮುಂಚೆ ಅವಳು ಉಕ್ಕೇ ಆಗಿರಲಿಲ್ವಲ್ಲೇ! ಕಸ ಗುಡಿಸ್ತಿದ್ಲು!"

"ಅದನ್ನ ಕಂಪನಿಯವರು ಬದಲಾಯಿಸಿದ್ದಾರೆ. ಅದು ನನ್ನ ಕೈಲಿಲ್ಲ. ನಾನು ಬರೆದದ್ದು ಚಿತ್ರ ಮಾತ್ರ."

"ಇದನ್ನ ಬರೆದೋಳು ನೀನಾ?"

"ಹೂಂ. ಅತ್ತೆ, ಇನ್ನೊಂದು ಸಲ ನೋಡು. ಮುಖ ನೋಡು, ಸರಿಯಾಗಿ ನೋಡು."

ಅತ್ತೆ ಫೋನನ್ನು ಕೈಯಿಂದ ಪಕ್ಕಕ್ಕೆ ತಳ್ಳಿದಳು. "ನೋಡಿದ್ದು ಸಾಕು." ಯಂತ್ರದ ಗುಂಡಿ ಒತ್ತಿದಳು. ಆ ಸದ್ದಿನಲ್ಲಿ ಮರಿ ಇನ್ನೇನೋ ಹೇಳಿದ್ದು ಕೇಳಿಸಲಿಲ್ಲ. ಹೋಗುವಾಗ ಹುಡುಗಿ ತಿರುಗಿ ಗಟ್ಟಿಯಾಗಿ ಕೇಳಿದಳು, "ವೇದಿಕೆ ಮೇಲೆ ಏನು ಮಾತಾಡ್ತೀಯ?"

"ಬಾಯಿಗೆ ಬಂದದ್ದು."

"ನಾನೂ ಅಲ್ಲಿರ್ತೀನಿ ಅತ್ತೆ."

"ಇರು. ಕಿವಿ ಇದೆಯಲ್ಲ."

ಆ ವಾರವೆಲ್ಲ ಅರದಕ್ಕನಿಗೆ ಕೆಲಸದಲ್ಲಿ ಮನಸ್ಸಿಲ್ಲ. ಬೇರೆ ಯಾರೋ ಗೊತ್ತಿಲ್ಲದವರು ಮಾಡಿದ್ದರೆ ಬೈದು ಮರೆಯುತ್ತಿದ್ದಳು. ತಾನೇ ಗೆರೆ ಗೆರೆ ತಿದ್ದಿ ಬೆಳೆಸಿದ ಕೈ ಇದನ್ನು ಬರೆದದ್ದು ಅನ್ನುವುದು ಗಂಟಲಿನ ಮುಳ್ಳಾಯಿತು. ನಗು ಅಂತ ಗಲ್ಲ ಹಿಡಿದವರೆಲ್ಲ ಸೇರಿ ಕೊನೆಗೆ ಉಕ್ಕಜ್ಜಿಯ ಗಲ್ಲವನ್ನೇ ಹಿಡಿದರಲ್ಲ, ಅದಕ್ಕೆ ತನ್ನ ಮನೆಯವಳೇ ಒತ್ತಾಸೆಯಾದಳಲ್ಲ ಅಂತ ಕುದಿಯುತ್ತಿದ್ದಳು. ಮರಿಗೆ ನೋವಾಗುತ್ತದೆ ಅನ್ನುವ ಯೋಚನೆ ಬರಲಿಲ್ಲ ಅಂತಲ್ಲ. ಬಂತು. ಆಗಲಿ ಅಂದುಕೊಂಡಳು.

ಸಭಾಂಗಣದಲ್ಲಿ ದೊಡ್ಡ ಪರದೆ, ಬಣ್ಣದ ದೀಪ, ಕಿವಿ ಕಿತ್ತುಹೋಗುವ ಸಂಗೀತ. ಕೆನ್ನೆಗೆ ಮೈಕು ಅಂಟಿಸಿಕೊಂಡ ಕಂಪನಿಯ ಮುಖ್ಯಸ್ಥ ಅತ್ತಿಂದಿತ್ತ ಓಡಾಡಿ ಮಾತಾಡಿದ. ಮರಿ ಮುಂದಿನ ಸಾಲಿನ ಕೊನೆಯಲ್ಲಿ ಕೂತಿದ್ದಳು. ಡಾಕ್ಟರು ಅರದಕ್ಕನನ್ನು ಪರಿಚಯಿಸಿದರು. ಅವಳು ಸೆರಗು ಬಿಗಿದು ಮೇಲೆ ಹತ್ತಿದಳು.

"ಹೊಗಳೋಕೆ ಅಂತ ನನ್ನನ್ನ ಕರೆದಿದ್ದಾರೆ. ತಪ್ಪು ಮಾಡಿದ್ದಾರೆ" ಅಂದಳು. ಜನ ಗೊಳ್ಳೆಂದು ನಕ್ಕರು. ತಮಾಷೆ ಅಂದುಕೊಂಡರು.

"ಮುದುಕೀರಿಗೆ ಅಂತ ಲೋಕದಲ್ಲಿ ಒಬ್ಬಳೇ ಒಬ್ಬಳು ಇದ್ದಳು. ಹರೆಯದವರಿಗೆ ಸಾವಿರ ಜನ ಇದ್ದಾರೆ. ಆ ಒಬ್ಬಳನ್ನೂ ಬಿಡಲಿಲ್ವಲ್ಲ ನೀವು! ಸುಕ್ಕು ತೆಗೆದ್ರಿ, ಗೊಣಗಾಟ ತೆಗೆದ್ರಿ, ಸೊಂಟನೋವು ತೆಗೆದು ಸೊಂಟ ಮಾತ್ರ ಇಟ್ಟುಕೊಂಡ್ರಿ." ನಗು ಕಡಿಮೆಯಾಯಿತು. "ಆಟದಲ್ಲಿ ಅವಳಿಗೆ ಬಟ್ಟೆ ಬದಲಾಯಿಸಬಹುದಂತೆ. ಉಕ್ಕಜ್ಜಿ ಜನ್ಮಕ್ಕೆಲ್ಲ ಒಂದೇ ಸೀರೇಲಿ ಹೊಡೆದಾಡಿದೋಳು. ಮೂಗಿಗಿಂತ ಮೂಗುತಿ ಭಾರ ಅಂದ್ರೆ ಇದೇ. ಮೂಗು ಅಂದೆ ನೋಡಿ, ಆ ಮೂಗಿನ ಮಾತೂ ಆಗಿಬಿಡಲಿ. ಇಷ್ಟು ಅಂದದ ಹುಡುಗೀನ ಬರೆದು ಮೂಗು ಮಾತ್ರ ಚೂರು ಸೊಟ್ಟ ಮಾಡಿದ್ದಾರೆ. ಯಾಕೆ ಗೊತ್ತಾ? ನಮ್ಮಂಥ ಹಳಬರ ಬಾಯಿಗೆ ಬೀಗ ಹಾಕೋಕೆ. ಬೀಗದ ಕೆಲಸ ನಾನೂ ಬಲ್ಲೆ. ಈ ಬೀಗ ಕಡ್ಡಿ ಹಾಕಿದ್ರೂ ತೆಗೆಯತ್ತೆ."

ಕೊನೆಯ ಮಾತು ಆಡುವಾಗ ಅವಳು ಪರದೆ ನೋಡಲಿಲ್ಲ, ಮುಖ್ಯಸ್ಥನನ್ನೂ ನೋಡಲಿಲ್ಲ. ಮುಂದಿನ ಸಾಲಿನ ಕೊನೆಗೇ ನೋಡಿದಳು. "ಇದನ್ನ ಬರೆದೋರಿಗೆ ಉಕ್ಕಜ್ಜಿ ಯಾರು ಅಂತ ಗೊತ್ತಿಲ್ಲ. ಗೊತ್ತಿದ್ದೂ ಬರೆದಿದ್ರೆ, ಅವರಿಗೆ ನಾಚಿಕೆ ಇಲ್ಲ."

ಚಪ್ಪಾಳೆ ಬಿತ್ತು, ಶಿಳ್ಳೆಯೂ ಬಿತ್ತು. ಮರಿ ಎದ್ದು ಹೊರಗೆ ಹೋದಳು.

ಅರದಕ್ಕನ ಮಾತನ್ನು ಯಾರೋ ಫೋನಿನಲ್ಲಿ ಹಿಡಿದು ಊರೂರಿಗೆ ಹಂಚಿದರು. ಸಂಜೆ ಹೊತ್ತಿಗೆ ಬೀದಿಯ ಹಣ್ಣಿನವನೂ "ಅಕ್ಕಾ, ಫೋನಲ್ಲಿ ಬಂದಿದ್ದೀರಿ" ಅಂದ. ಅರದಕ್ಕ ಮುಖ ಗಂಟು ಹಾಕಿಕೊಂಡೇ ಒಳಗೊಳಗೆ ಹಿಗ್ಗಿದಳು. ಹಿಗ್ಗು ಬಹಳ ದಿನ ಉಳಿಯಲಿಲ್ಲ. ಅಣ್ಣ ಫೋನು ಮಾಡಿದ.

"ನಿನ್ನ ಬಾಯಿಗೆ ಈಗ ತೃಪ್ತಿಯಾಯ್ತಾ?"

"ಏನಾಯ್ತು ಅಣ್ಣ?"

"ಮಗಳು ಕೋಣೆ ಬಿಟ್ಟು ಬಂದಿಲ್ಲ. ಅವಳ ಹೆಸರು, ಫೋಟೋ, ನಂಬರು ಎಲ್ಲ ಹುಡುಕಿ ಹಾಕಿದ್ದಾರೆ. ಕಂಡಕಂಡವರು ಫೋನು ಮಾಡಿ ಬಾಯಿಗೆ ಬಂದದ್ದು ಒದರ್ತಿದ್ದಾರೆ. ಹೆತ್ತ ತಂದೆ ಕೇಳೋ ಮಾತಲ್ಲ ಅದು."

ಅರದಕ್ಕನ ಸಿಟ್ಟಿಗೆ ಕಾದು ಕೂತಿದ್ದ ಒಂದು ಹಿಂಡು ಇತ್ತು. ಅವರಿಗೆ ಉಕ್ಕಜ್ಜಿ ಮುದುಕಿಯಾದರೂ ಬೇಡ, ಹರೆಯದವಳಾದರೂ ಬೇಡ. ಹೆಂಗಸಿನ ಮೇಲೆ ಆಟ ಯಾಕೆ, ಹೆಂಗಸಿನ ಕೈಗೆ ಆಟದ ಕೆಲಸ ಯಾಕೆ, ಅದು ಅವರ ತಕರಾರು. ಅರದಕ್ಕನ ಮಾತಿನ ಬಾಲ ಕತ್ತರಿಸಿ, "ನಾಚಿಕೆ ಇಲ್ಲ" ಅನ್ನುವುದನ್ನಷ್ಟೇ ಇಟ್ಟುಕೊಂಡು, ಅದರ ಕೆಳಗೆ ಮರಿಯ ಮುಖ ಅಂಟಿಸಿದ್ದರು.

ಮಾರನೇ ವಾರ ಅವರಲ್ಲೊಬ್ಬ ಅಂಗಡಿಗೇ ಬಂದ. ಇಂಥ ವಿಷಯಗಳ ಮೇಲೆ ಚಾನೆಲ್ ನಡೆಸುವವನಂತೆ. ಕೋಲಿನ ತುದಿಯಲ್ಲಿ ಫೋನು, ಮುಖದ ತುಂಬ ಭಕ್ತಿ.

"ಅಮ್ಮಾ, ನೀವು ನಮ್ಮ ಧ್ವನಿ."

"ನನ್ನ ಧ್ವನಿ ನನಗೇ ಸಾಕಾಗಿದೆ. ಏನು ಬೇಕು?"

"ಈ ಹುಡುಗೀರನ್ನ ತಂದು ಕೂರಿಸಿದ್ದೇ ಹಾಳಾಗೋಕೆ ಕಾರಣ ಅಂತ ನೀವೇ ಒಂದು ಮಾತು ಹೇಳಿಬಿಡಿ."

ಅರದಕ್ಕ ಕೈಯಲ್ಲಿದ್ದ ಕೀಲಿ ಕೆಳಗಿಟ್ಟಳು. "ಉಕ್ಕಜ್ಜಿ ಓದಿದ್ದೀರಾ?"

"ಅದೂ... ಕೇಳಿದ್ದೀನಿ."

"ಹೊಸ ಆಟ ಆಡಿದ್ದೀರಾ?"

"ಅಂಥದ್ದನ್ನ ಯಾರಮ್ಮ ಆಡ್ತಾರೆ!"

"ಓದಿಲ್ಲ, ಆಡಿಲ್ಲ. ಮತ್ತೆ ಈ ಸಿಟ್ಟು ಎಲ್ಲಿಂದ ಬಂತು? ಬಾಡಿಗೆಗೆ ತಂದ್ರಾ? ನನ್ನ ಸಿಟ್ಟಿಗೆ ನಲವತ್ತು ವರ್ಷ ಓದಿದ್ದೀನಿ ಕಣಪ್ಪ. ನಿನ್ನಂಥ ದಂಡಪಿಂಡಕ್ಕೆ ಪುಕ್ಕಟೆ ಕೊಡೋಕಲ್ಲ. ಆ ಹುಡುಗಿ ನನ್ನ ಅಣ್ಣನ ಮಗಳು. ಅವಳನ್ನ ಬೈಯೋ ಹಕ್ಕು ನನಗಿದೆ, ನಿನಗಿಲ್ಲ. ನಡಿ ಇಲ್ಲಿಂದ."

ಅವನು ಇನ್ನೂ ಕೋಲು ಹಿಡಿದು ನಿಂತಿದ್ದಂತೆಯೇ ಶಟರನ್ನು ಅವನ ಮೂಗಿನ ಮುಂದೆ ದಡಾರನೆ ಎಳೆದಳು.

ಅದೂ ಊರೂರಿಗೆ ಹೋಯಿತು. ಈ ಸಲ ಹಿಂಡು ಅವಳ ಕಡೆ ತಿರುಗಿತು. ಅತ್ತೆ ಸೊಸೆ ಸೇರಿ ಪ್ರಚಾರಕ್ಕೆ ಆಡಿದ ನಾಟಕ ಅಂದರು. ಮುದಿ ಗೂಬೆ ಅಂದರು. ಒಂದು ಬೆಳಿಗ್ಗೆ ಅಂಗಡಿ ತೆಗೆಯಲು ಬಂದರೆ ಬೀಗದ ಕಿಂಡಿಯ ತುಂಬ ಯಾರೋ ಅಂಟು ಸುರಿದಿದ್ದರು. ಗಟ್ಟಿ ಕಲ್ಲಾಗಿತ್ತು. ಬೀದಿಯವರೆಲ್ಲ ನಿಂತು ನೋಡುತ್ತಿದ್ದಂತೆ, ಕೀಲಿಕೈ ಮಾಡುವವಳು ಪಕ್ಕದ ಸೈಕಲ್ ರಿಪೇರಿಯವನಿಂದ ಗರಗಸ ಇಸಿದುಕೊಂಡು ತನ್ನ ಬೀಗವನ್ನು ತಾನೇ ಕೊಯ್ದಳು. ಯಾರೂ ನಗಲಿಲ್ಲ. ನಕ್ಕಿದ್ದರೆ ಅವಳಿಗೆ ಬೈಯಲಾದರೂ ಒಂದು ದಾರಿಯಿರುತ್ತಿತ್ತು. ಒಳಗೆ ಹೋಗಿ ಕೊಯ್ದ ಬೀಗವನ್ನು ಯಂತ್ರದ ಪಕ್ಕ ಇಟ್ಟು ಕೂತಳು. ನನ್ನಂಥ ಗಟ್ಟಿಗಿತ್ತಿಗೇ ಹೀಗಾದರೆ ಆ ಹುಡುಗಿ ಹೇಗಿದೆಯೋ ಅಂತ ಅವಳಿಗೆ ನಿಜವಾಗಿ ಅನ್ನಿಸಿದ್ದು ಆಗ.

ಅವತ್ತೇ ಅಂಗಡಿ ಮುಚ್ಚಿ ಅಣ್ಣನ ಮನೆಗೆ ಹೋದಳು. ಬಾಗಿಲು ತೆಗೆದ ಅತ್ತಿಗೆ ಒಳಗೆ ಬಾ ಅನ್ನಲಿಲ್ಲ, ಬರಬೇಡ ಅಂತಲೂ ಅನ್ನಲಿಲ್ಲ. ಹಾಗೇ ಪಕ್ಕಕ್ಕೆ ಸರಿದಳು. ಅಣ್ಣ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದ. ಮರಿ ತನ್ನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದಳು.

"ಮರಿ, ಆ ಚಾನೆಲ್‌ನವನಿಗೆ ಸರಿಯಾಗಿ ಮಂಗಳಾರತಿ ಮಾಡಿ ಕಳಿಸಿದೆ ಕಣೇ."

"ನೋಡಿದೆ" ಅಂದಳು ಮರಿ. ಆಮೇಲೆ ಕುರ್ಚಿ ತಿರುಗಿಸಿದಳು. "ನೀವು ಕೂತ್ಕೊಳ್ಳಿ."

ಹುಟ್ಟಿದಾಗಿನಿಂದ ನೀನು ಅನ್ನುತ್ತಿದ್ದ ಬಾಯಿ ನೀವು ಅಂದಿತು. ಅರದಕ್ಕ ಮಂಚದ ತುದಿಯಲ್ಲಿ ಕೂತಳು.

"ನಿಮಗೊಂದು ತೋರಿಸ್ತೀನಿ. ಆವತ್ತು ಯಂತ್ರದ ಸದ್ದಲ್ಲಿ ಹೇಳೋಕಾಗಲಿಲ್ಲ." ಪರದೆಯ ಮೇಲೆ ಒಂದು ಚಿತ್ರ ಬಂತು. ಮುದುಕಿ. ಕುತ್ತಿಗೆಯ ಸುಕ್ಕುಗಳಲ್ಲಿ ತುಕ್ಕಿನ ಗೆರೆ, ಒಂದು ಕೈ ಸೊಂಟದ ಮೇಲೆ, ಬಿಗಿದ ತುಟಿ. ಇನ್ನೊಂದು ಬಂತು. ಮತ್ತೊಂದು. ಮುದುಕಿ ಎಣ್ಣೆ ಬಿಟ್ಟುಕೊಳ್ಳುವುದು, ಕಿಟಕಿಯಿಂದ ಮಳೆಗೆ ಕಣ್ಣು ಕೆಕ್ಕರಿಸುವುದು. ಅರದಕ್ಕ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಆ ಗುಮಾಸ್ತನೂ ಇಷ್ಟು ಚೆನ್ನಾಗಿ ಬರೆದಿರಲಿಲ್ಲ.

"ಮೊದಲು ಬರೆದದ್ದು ಇದನ್ನೇ. ವಾಪಸ್ಸು ಕಳಿಸಿದ್ರು. ಮುದುಕಿಯಾಗಿ ಯಾರೂ ಆಡಲ್ಲ ಅಂದ್ರು. ಐವತ್ತು ಮಾಡ್ತೀನಿ ಅಂದೆ, ಬೇಡ ಅಂದ್ರು. ನಲವತ್ತು ಅಂದೆ. ಹಾಗೇ ಇಳೀತಾ ಬಂತು. ಕೊನೆಗೆ ಮೂಗು ಒಂದು ಉಳಿಸ್ಕೊಡಿ ಅಂತ ಜಗಳ ಆಡಿದೆ. ಅತ್ತೆ, ಎಲ್ಲರ ಎದುರಿಗೆ ಅಳ್ತಾ ಜಗಳ ಆಡಿದೆ. ಕೆಲಸ ಬಿಡ್ತೀನಿ ಅಂದೆ. ಮೂಗು ಉಳೀತು. ಆವತ್ತು ಅಂಗಡಿಗೆ ಬಂದದ್ದು ಅದನ್ನ ತೋರಿಸೋಕೆ."

ಅರದಕ್ಕನ ಬಾಯಿಗೆ ಬರಬೇಕಾದದ್ದು ಬರಲಿಲ್ಲ. "ಮೂಗು ಸರಿಯಾಗೇ ಇತ್ತು" ಅಂದಳು. "ಉಳಿದದ್ದು ಕಸ. ಅದನ್ನೂ ಸುಳ್ಳು ಹೇಳೋಕಾಗಲ್ಲ ನನಗೆ."

"ಸುಳ್ಳು ಯಾರು ಕೇಳಿದ್ರು?" ಮರಿಯ ಧ್ವನಿ ಏರಲಿಲ್ಲ. "ಕಸ ಅಂತ ನನಗೆ ಗೊತ್ತಿಲ್ವಾ? ನನ್ನ ಹತ್ರ ಹೇಳಿದ್ರೆ ನಾನೂ ಹೂಂ ಅಂತಿದ್ದೆ. ಇಬ್ಬರೂ ಕೂತು ಬೈಬಹುದಿತ್ತು. ನೀವು ಅಷ್ಟು ಜನರ ಮಧ್ಯೆ ನನ್ನ ಮುಖ ನೋಡ್ಕೊಂಡು ಹೇಳಿದ್ರಿ. ಯಾರೋ ಗೊತ್ತಿಲ್ಲದವರು ಕಳಿಸಿದ್ದನ್ನ ಓದದೆ ಅಳಿಸಿಹಾಕ್ತೀನಿ. ನಿಮ್ಮದನ್ನ ಎಲ್ಲಿ ಅಳಿಸಲಿ?"

"ಮರಿ..."

"ಹೋಗಿ ಅತ್ತೆ. ನನಗೆ ಕೆಲಸ ಇದೆ."

ಅವಳು ಹೋದಳು. ಅಣ್ಣ ಪತ್ರಿಕೆ ಕೆಳಗಿಳಿಸಲಿಲ್ಲ.

ಆಮೇಲೆ ಏನಾಯಿತು ಅಂತ ಕೇಳಿದರೆ, ದೊಡ್ಡದೇನೂ ಆಗಲಿಲ್ಲ. ಹಿಂಡಿಗೆ ಬೇರೆ ಬೇಟೆ ಸಿಕ್ಕಿತು, ಹೋಯಿತು. ಅಷ್ಟು ಬೈಗುಳ ಬಿದ್ದದ್ದರಿಂದಲೋ ಏನೋ ಆಟ ಚೆನ್ನಾಗಿ ಓಡಿತು. ಮರಿ ಕೆಲಸ ಬಿಡಲಿಲ್ಲ, ಮೇಲೇರಿದಳು. ವರ್ಷ ಕಳೆದು ಆಟದ ಎರಡನೇ ಭಾಗ ಬಂದಾಗ ಅರದಕ್ಕ ಯಾರಿಗೂ ಹೇಳದೆ ಫೋನಿನಲ್ಲಿ ಹಾಕಿಕೊಂಡು ನೋಡಿದಳು. ಹರೆಯದ ಉಕ್ಕಜ್ಜಿ ಇನ್ನೂ ತೆಳ್ಳಗಾಗಿದ್ದಳು. ಮೂಗು ನೆಟ್ಟಗಾಗಿತ್ತು.

ತಡೆಯಲಾರದೆ ಮರಿಗೆ ಫೋನು ಹಚ್ಚಿದಳು. "ಯಾಕೇ? ಈ ಸಲ ಜಗಳ ಆಡಲಿಲ್ವಾ?"

"ಇಲ್ಲ ಅತ್ತೆ. ಈಗ ಜಗಳ ಆಡಲ್ಲ. ಅವರು ಏನು ಕೇಳ್ತಾರೋ ಅದನ್ನ ಬರೆದು ಕೊಡ್ತೀನಿ, ಸಂಜೆ ಮನೆಗೆ ಬರ್ತೀನಿ. ನೆಮ್ಮದಿಯಾಗಿದ್ದೀನಿ."

ಬೈಗುಳವಾಗಿದ್ದರೆ ಅರದಕ್ಕ ಹೇಗೋ ನುಂಗುತ್ತಿದ್ದಳು. ನೆಮ್ಮದಿ ಅನ್ನುವ ಆ ಒಂದು ಮಾತು ಇಳಿಯಲಿಲ್ಲ. ಜಗಳ ಬಿಟ್ಟ ಕೈಯಿಂದ ಇನ್ನು ಆ ಮುದುಕಿ ಹುಟ್ಟುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಆ ಕೈಯನ್ನು ಮುರಿದವರು ಕಂಪನಿಯವರು ಮಾತ್ರ ಅಲ್ಲ ಅಂತಲೂ ಗೊತ್ತಿತ್ತು.

ಹಾಗಂತ ಅವಳ ನಾಲಿಗೆ ಮೆತ್ತಗಾಯಿತು ಅಂತ ಯಾರೂ ತಿಳಿಯಬಾರದು. ಭಾನುವಾರ ಬೆಂಚಿನ ಮೇಲೆ ಕೂತು ಆಕಾಶನೌಕೆಯನ್ನು ಈಗಲೂ ನೆಲಕ್ಕಿಳಿಸುತ್ತಾಳೆ. ಒಂದೇ ವ್ಯತ್ಯಾಸವೆಂದರೆ, ಕಂತು ಮುಗಿದ ಮೇಲೆ ಸರಸರನೆ ಓಡುವ ಹೆಸರುಗಳನ್ನು ಕಣ್ಣು ಕಿರಿದು ಮಾಡಿ ಓದುತ್ತಾಳೆ. "ಈ ಹಾಳು ಸಂಭಾಷಣೆ ಬರೆದೋರು ಬೇಕಂತ ಬರೆದ್ರೋ, ಯಾರಾದ್ರೂ ಬರೆಸಿಕೊಂಡ್ರೋ?" ಅಂತ ಡಾಕ್ಟರನ್ನು ಕೇಳುತ್ತಾಳೆ. ಡಾಕ್ಟರಿಗೇನು ಗೊತ್ತು? ಗೊತ್ತಿಲ್ಲ ಅನ್ನುತ್ತಾರೆ. ಉತ್ತರ ಸಿಗದೆ ಅವಳ ಸಿಟ್ಟು ಇನ್ನಷ್ಟು ಹೆಚ್ಚಾಗುತ್ತದೆ.

ಮೊನ್ನೆ ಮರಿಯೇ ಫೋನು ಮಾಡಿದ್ದಳು. ಅಪ್ಪನಿಗೆ ಕಣ್ಣಿನ ಆಪರೇಷನ್ನು, ಬುಧವಾರಕ್ಕೆ ಗೊತ್ತಾಗಿದೆ ಅಂದಳು.

"ಬರ್ತೀನಿ" ಅಂದಳು ಅರದಕ್ಕ. "ಯಾವ ಕಣ್ಣು?"

"ಎಡಗಣ್ಣು. ನೀವು ಬೆಳಿಗ್ಗೆ ಬರೋದು ಬೇಡ, ಅಮ್ಮ ಇರ್ತಾಳೆ. ಮಧ್ಯಾಹ್ನ ಬನ್ನಿ."

"ಆಗಲಿ."

ಆ ಕಡೆ ಯಾವುದೋ ಟೀವಿಯ ಸದ್ದು ಕೇಳುತ್ತಿತ್ತು.

"ಮತ್ತೆ?" ಅಂದಳು ಮರಿ.

"ಮತ್ತೇನಿಲ್ಲ."

"ಸರಿ, ಇಡ್ತೀನಿ."

ಗಿರಾಕಿಯೊಬ್ಬ ಎದುರಿಗೆ ನಿಂತು, ಎರಡು ಕೀಲಿಕೈ ಬೇಕಿತ್ತು, ಸ್ವಲ್ಪ ಬೇಗ ಆಗಲಿ ಅಂದ. ಅರದಕ್ಕ ಫೋನು ಪಕ್ಕಕ್ಕಿಟ್ಟು ಅರ ಎತ್ತಿಕೊಂಡಳು, ಎಂದಿನ ಹಾಗೆ ನಿಧಾನವಾಗಿ ಉಜ್ಜತೊಡಗಿದಳು.